ಗುಂಜಿಯ ಮನೆಗೆ ಯಾವ ಆಂಟಿವೈರಸ್?

ಬೆಳಗಾವಿಯಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಬಿಲ್ ಬರೆಸುವ ಹೊತ್ತಿಗೆ ಅಂಗಡಿಯಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಆಂಟಿವೈರಸ್ ಒಂದ್ ಹಾಕಿ ಕೊಡ್ತೀನ್ರಿ ಸರ, ವರ್ಷ ಪೂರ್ತಿ ಚಿಂತಿ ಇರಂಗಿಲ್ಲ.’ ಐವತ್ತು ಸಾವಿರ ಕೊಟ್ಟ ಮೇಲೆ ಇನ್ನೊಂದು ಸಾವಿರಕ್ಕೆ ಯಾರೂ ಚೌಕಾಸಿಗೆ ಇಳಿಯುವುದಿಲ್ಲ. ಡಬ್ಬಿಯೊಳಗಿನ ಕೀ ಹಾಕಿಸಿಕೊಂಡು ಯಂತ್ರ ಮನೆಗೆ ಬರುತ್ತದೆ. ಆ ಮನೆ ಟಿಳಕವಾಡಿಯಲ್ಲೋ ಶಹಾಪುರದಲ್ಲೋ ಇದ್ದರೆ ಒಂದು ಲೆಕ್ಕ. ಖಾನಾಪುರ ದಾಟಿ ಲೋಂಡಾ ಕಡೆ ಹೋಗುವ ರೈಲು ದಾರಿಯ ಗುಂಜಿಯಲ್ಲಿದ್ದರೆ ಇನ್ನೊಂದು ಲೆಕ್ಕ. ಇದನ್ನು ಅಂಗಡಿಯವರು ಕೇಳುವುದಿಲ್ಲ, ಕೊಳ್ಳುವವರು ಹೇಳುವುದಿಲ್ಲ.

ಸಹ್ಯಾದ್ರಿಯ ಮಳೆಗೆ ಮೈಯೊಡ್ಡಿದ ಈ ಭಾಗದಲ್ಲಿ ಆಷಾಢದ ಹೊತ್ತಿಗೆ ಕರೆಂಟು ಹೋಗುವುದು, ಟವರ್ ಸತಾಯಿಸುವುದು ಹೊಸದೇನಲ್ಲ. ಕಂಪ್ಯೂಟರಿಗೆ ನೆಟ್ ಬರುವುದು ಅನೇಕ ಮನೆಗಳಲ್ಲಿ ಯಾರದೋ ಮೊಬೈಲಿನ ಹಾಟ್‌ಸ್ಪಾಟ್‌ನಿಂದ. ದಿನದ ಡೇಟಾ ತೀರಿದರೆ ಅದೂ ಇಲ್ಲ. ಪಹಣಿಯ ಪ್ರಿಂಟು, ಮಗಳ ಸ್ಕಾಲರ್‌ಶಿಪ್ ಅರ್ಜಿ, ಸ್ವಸಹಾಯ ಸಂಘದ ಲೆಕ್ಕ, ಮದುವೆಯ ಫೋಟೊ ಎಲ್ಲವೂ ಪೆನ್‌ಡ್ರೈವ್ ಏರಿ ಖಾನಾಪುರದ ಝೆರಾಕ್ಸ್ ಅಂಗಡಿಗೆ ಹೋಗಿ ಬರುತ್ತವೆ. ಅಪ್ಪ, ಮಗಳು, ಪಕ್ಕದ ಮನೆಯ ಹುಡುಗ ಮೂವರಿಗೂ ಅದೊಂದೇ ಯಂತ್ರ. ರಕ್ಷಣಾ ತಂತ್ರಾಂಶ ಆರಿಸುವವರು ಮೊದಲು ನೋಡಬೇಕಾದದ್ದು ಇದನ್ನೇ: ನೆಟ್ ಹೇಗೆ ಬರುತ್ತದೆ, ಫೈಲುಗಳು ಯಾವ ದಾರಿಯಲ್ಲಿ ಬರುತ್ತವೆ, ಯಾರ್‍ಯಾರ ಕೈ ಕೀಬೋರ್ಡಿನ ಮೇಲೆ ಓಡಾಡುತ್ತದೆ. ಡಬ್ಬಿಯ ಮೇಲಿನ ನಕ್ಷತ್ರಗಳು ಆಮೇಲಿನ ಮಾತು.

ಯಂತ್ರದಲ್ಲಿ ಈಗಾಗಲೇ ಏನಿದೆ ಎಂಬುದನ್ನೂ ತಿಳಿದಿರಬೇಕು. ವಿಂಡೋಸ್ ಬಳಕೆದಾರರಿಗೆ ಮೈಕ್ರೋಸಾಫ್ಟ್ 2009ರಲ್ಲಿ ‘ಸೆಕ್ಯುರಿಟಿ ಎಸೆನ್ಷಿಯಲ್ಸ್’ ಎಂಬ ಆಂಟಿವೈರಸ್ಸನ್ನು ಪುಕ್ಕಟೆಯಾಗಿ ಕೊಟ್ಟಿತು. 2012ರ ವಿಂಡೋಸ್ 8ರಿಂದ ಈಚೆಗೆ ಅದು ‘ಡಿಫೆಂಡರ್’ ಎಂಬ ಹೆಸರಿನಲ್ಲಿ ವಿಂಡೋಸ್‌ನ ಒಳಗೇ ಸೇರಿ ಬರುತ್ತಿದೆ. ಆರಂಭದಲ್ಲಿ ಅದಕ್ಕೆ ಪರೀಕ್ಷೆಗಳಲ್ಲಿ ಸಿಗುತ್ತಿದ್ದ ಅಂಕ ಕಡಿಮೆಯೇ ಇತ್ತು. ಈಗ ಜರ್ಮನಿಯ ಮ್ಯಾಗ್ಡೆಬರ್ಗ್‌ನ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಅನುಕೂಲ ಎಂದು ಮೂರು ವಿಭಾಗಗಳಲ್ಲಿ ತಲಾ 6ರಂತೆ ಒಟ್ಟು 18 ಅಂಕಗಳಿಗೆ ನಡೆಸುವ ಪರೀಕ್ಷೆಗಳಲ್ಲಿ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲೇ ಅದೂ ನಿಲ್ಲುತ್ತದೆ. ಹಾಗಾಗಿ ಆಂಟಿವೈರಸ್ ಕೊಳ್ಳದಿದ್ದರೆ ಯಂತ್ರ ಬಯಲಿಗೆ ಬಿತ್ತು ಎಂಬ ಹೆದರಿಕೆ ಬೇಡ.

ಹೆದರಬೇಕಾದದ್ದು ಅರ್ಧಂಬರ್ಧ ಸ್ಥಿತಿಗೆ. ಲ್ಯಾಪ್‌ಟಾಪ್ ಜೊತೆ ಬರುವ ಕೆಲವು ವಾರಗಳ ಟ್ರಯಲ್ ತಂತ್ರಾಂಶ ಇರುವಷ್ಟು ಕಾಲ ಡಿಫೆಂಡರ್ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಟ್ರಯಲ್ ಮುಗಿಯುತ್ತದೆ, ‘ನವೀಕರಿಸಿ’ ಎಂಬ ಕೆಂಪು ಚೌಕ ದಿನಾ ಬರುತ್ತದೆ, ಮನೆಯವರು ಅದನ್ನು ದಿನಾ ಮುಚ್ಚುತ್ತಾರೆ. ಯಂತ್ರವನ್ನು ಕಾಯುತ್ತಿರುವವರು ಯಾರು ಎಂಬುದೇ ಗೊತ್ತಾಗುವುದಿಲ್ಲ. ಅವಧಿ ಮುಗಿದದ್ದನ್ನು ಪೂರ್ತಿ ತೆಗೆದುಹಾಕಿ, ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆಯಬೇಕು. ಅಲ್ಲಿ ಗುರಾಣಿಯ ಚಿತ್ರದ ಮೇಲೆ ಹಸಿರು ಗುರುತು ಕಂಡರೆ ಡಿಫೆಂಡರ್ ಕೆಲಸಕ್ಕೆ ಮರಳಿದೆ ಎಂದರ್ಥ. ಒಂದಕ್ಕಿಂತ ಎರಡು ಲೇಸೆಂದು ಎರಡು ಆಂಟಿವೈರಸ್ ಹಾಕಿಕೊಳ್ಳುವವರೂ ಇದ್ದಾರೆ. ಅವೆರಡೂ ಒಂದೇ ಫೈಲನ್ನು ಒಟ್ಟಿಗೆ ಹಿಡಿಯಲು ಹೋಗಿ ಯಂತ್ರವನ್ನು ನಿಲ್ಲಿಸಿಬಿಡುತ್ತವೆ.

ಹಾಗಾದರೆ ಗುಂಜಿಯಂಥ ಊರಿಗೆ ಡಿಫೆಂಡರ್ ಸಾಕೇ? ಇದಕ್ಕೆ ಉತ್ತರ ಹೇಳಬೇಕಾದರೆ ಆಂಟಿವೈರಸ್ ಕಳ್ಳನನ್ನು ಗುರುತಿಸುವ ಬಗೆ ತಿಳಿಯಬೇಕು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟಿ ದೇಶ ದೇಶ ಸುತ್ತಿದ ಕಾಲದಲ್ಲಿ ಕೆಲಸ ಸುಲಭವಿತ್ತು. ವೈರಸ್ಸುಗಳೇ ಬೆರಳೆಣಿಕೆಯಷ್ಟು. ಪೊಲೀಸ್ ಠಾಣೆಯ ಗೋಡೆಗೆ ಹಳೇ ಕಳ್ಳರ ಫೋಟೊ ಅಂಟಿಸಿದಂತೆ ಪ್ರತಿ ವೈರಸ್ಸಿನ ಗುರುತಿನ ತುಣುಕನ್ನು ಪಟ್ಟಿಯಲ್ಲಿ ಇಟ್ಟುಕೊಂಡರೆ ಮುಗಿಯುತ್ತಿತ್ತು. ಈಗ ಅದೇ ವೈರಸ್ ಪ್ರತಿ ಯಂತ್ರಕ್ಕೂ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಆದ್ದರಿಂದ ಆಂಟಿವೈರಸ್‌ಗಳು ಪಟ್ಟಿಯ ಜೊತೆಗೆ ನಡವಳಿಕೆಯನ್ನೂ ನೋಡುತ್ತವೆ: ಈ ಪ್ರೋಗ್ರಾಂ ಒಂದೇ ನಿಮಿಷದಲ್ಲಿ ನೂರಾರು ಫೈಲುಗಳನ್ನು ಯಾಕೆ ಬದಲಿಸುತ್ತಿದೆ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಹತ್ತಿರ ಯಾಕೆ ಸುಳಿಯುತ್ತಿದೆ ಎಂದು. ಅದೂ ಸಾಲದಾದಾಗ, ಅನುಮಾನದ ಫೈಲಿನ ಗುರುತನ್ನು ಕಂಪನಿಯ ಸರ್ವರಿಗೆ ಕಳಿಸಿ ‘ಇದು ಯಾರು?’ ಎಂದು ಕೇಳುತ್ತವೆ. ಉತ್ತರ ಕ್ಷಣದಲ್ಲಿ ಬರುತ್ತದೆ. ಬರಬೇಕಾದರೆ ನೆಟ್ ಇರಬೇಕು.

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಟಿವ್ಸ್ ಸಂಸ್ಥೆಯ ಪರೀಕ್ಷೆಗಳು ಇಲ್ಲಿ ನಮ್ಮ ಕಡೆಯವರಿಗೆ ಬಹಳ ಉಪಯೋಗಕ್ಕೆ ಬರುತ್ತವೆ. ಅವರು ನೆಟ್ ಇದ್ದಾಗ ಎಷ್ಟು ಹಿಡಿಯಿತು, ನೆಟ್ ಕಿತ್ತಾಗ ಎಷ್ಟು ಹಿಡಿಯಿತು ಎಂದು ಬೇರೆ ಬೇರೆಯಾಗಿ ಅಳೆದು ಪ್ರಕಟಿಸುತ್ತಾರೆ. ಡಿಫೆಂಡರ್‌ನ ಪತ್ತೆಶಕ್ತಿ ನೆಟ್ ಇಲ್ಲದಾಗ ಎದ್ದು ಕಾಣುವಷ್ಟು ಇಳಿಯುವುದು ಆ ಪರೀಕ್ಷೆಗಳಲ್ಲಿ ಪದೇ ಪದೇ ಕಂಡಿದೆ. ರೊಮೇನಿಯಾದ ಬಿಟ್‌ಡಿಫೆಂಡರ್ ಮತ್ತು ಅದರ ಎಂಜಿನ್ ಬಳಸುವ ತಂತ್ರಾಂಶಗಳಲ್ಲಿ ಈ ಅಂತರ ತೀರ ಸಣ್ಣದು. ಸದಾ ಫೈಬರ್ ಸಂಪರ್ಕವಿರುವ ನಗರದ ಮನೆಗೆ ಇದೊಂದು ದೊಡ್ಡ ವಿಷಯವಲ್ಲ. ನೆಟ್ ಹೋದರೆ ನೆಟ್‌ನಿಂದ ಬರುವ ಪಿಡುಗೂ ನಿಲ್ಲುತ್ತದೆ. ಆದರೆ ಪೆನ್‌ಡ್ರೈವ್‌ಗೆ ನೆಟ್ ಬೇಡ. ಟವರ್ ಇಲ್ಲದ ಮಳೆಯ ಮಧ್ಯಾಹ್ನವೂ ಅದು ಖಾನಾಪುರದಿಂದ ಜೇಬಿನಲ್ಲಿ ಕೂತು ಬರುತ್ತದೆ.

ಪೆನ್‌ಡ್ರೈವ್‌ನ ಆ ಕಾಟ ಈ ಕಡೆ ಎಲ್ಲರಿಗೂ ಗೊತ್ತು. ‘ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗ್ಯಾವ್ರಿ’ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಕತೆ ಇಷ್ಟು: ‘ಮದುವೆ ಫೋಟೊ’ ಎಂಬ ಫೋಲ್ಡರಿನ ಹಳದಿ ಚಿತ್ರ ಮೊದಲಿನಂತೆಯೇ ಇರುತ್ತದೆ, ಆದರೆ ಅದರ ಎಡಗಡೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣ. ಅದರ ಗಾತ್ರ ನೋಡಿದರೆ ಬರೀ ಒಂದೆರಡು ಕೆಬಿ. ನಿಜವಾದ ಫೋಲ್ಡರನ್ನು ವೈರಸ್ ಅಲ್ಲೇ ಬಚ್ಚಿಟ್ಟಿದೆ. ಅದೇ ಹೆಸರಿನ, ಅದೇ ಚಿತ್ರದ ನಕಲಿಯನ್ನು ಮುಂದೆ ನಿಲ್ಲಿಸಿದೆ. ನಕಲಿಯನ್ನು ಡಬಲ್ ಕ್ಲಿಕ್ ಮಾಡಿದ ಕೂಡಲೇ ಮೊದಲು ವೈರಸ್ಸಿನ ಸ್ಕ್ರಿಪ್ಟ್ ಓಡುತ್ತದೆ, ಅದರ ಹಿಂದೆಯೇ ನಿಜವಾದ ಫೋಲ್ಡರೂ ತೆರೆದುಕೊಳ್ಳುತ್ತದೆ. ಫೋಟೊಗಳು ಕಂಡವಲ್ಲ, ಇನ್ಯಾಕೆ ಅನುಮಾನ? ಆಮೇಲೆ ಆ ಯಂತ್ರಕ್ಕೆ ಚುಚ್ಚಿದ ಪ್ರತಿ ಪೆನ್‌ಡ್ರೈವ್‌ಗೂ ಅದೇ ಗತಿ. ಇದು ಹಳೇ ಕಾಲದ ಕಾಟವೆಂದು ತಳ್ಳಿಹಾಕುವಂತಿಲ್ಲ. 2021ರಲ್ಲಿ ಪತ್ತೆಯಾದ ‘ರಾಸ್ಪ್‌ಬೆರಿ ರಾಬಿನ್’ ಎಂಬ ಹುಳು ಇದೇ ಶಾರ್ಟ್‌ಕಟ್ ದಾರಿಯಲ್ಲಿ ಹೊಕ್ಕು, ದೊಡ್ಡ ದೊಡ್ಡ ಕಂಪನಿಗಳ ಜಾಲದೊಳಗೆ ದರೋಡೆಕೋರರಿಗೆ ಬಾಗಿಲು ತೆರೆದುಕೊಟ್ಟಿತು.

ಇಂಥ ಮನೆಗೆ ಎರಡು ದಾರಿಗಳಿವೆ. ಹಣ ಕೊಡುವ ಮನಸ್ಸಿದ್ದರೆ ಪೆನ್‌ಡ್ರೈವ್ ಚುಚ್ಚಿದ ತಕ್ಷಣ ತಾನಾಗಿ ಜಾಲಾಡುವ, ನೆಟ್ ಇಲ್ಲದೆಯೂ ಚೆನ್ನಾಗಿ ಹಿಡಿಯುವ ತಂತ್ರಾಂಶ ಕೊಳ್ಳುವುದು. ಇಲ್ಲಿ ಕೊಟ್ಟ ದುಡ್ಡಿಗೆ ಅರ್ಥವಿದೆ. ಡಿಫೆಂಡರೇ ಸಾಕೆನ್ನುವವರು ಒಂದು ಅಭ್ಯಾಸ ಬೆಳೆಸಿಕೊಳ್ಳಬೇಕು. ಅದರ ‘ಫುಲ್ ಸ್ಕ್ಯಾನ್’ ಪೆನ್‌ಡ್ರೈವ್‌ಗಳನ್ನು ಮೂಲ ಹೊಂದಾಣಿಕೆಯಲ್ಲಿ ಬಿಟ್ಟುಬಿಡುತ್ತದೆ. ಆದ್ದರಿಂದ ಪೆನ್‌ಡ್ರೈವ್ ಚುಚ್ಚಿದ ಮೇಲೆ ಅದರ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ, ಆಮೇಲಷ್ಟೇ ತೆರೆಯಬೇಕು. ಫೈಲುಗಳು ಮಾಯವಾಗಿದ್ದರೆ ಗಾಬರಿಯಿಂದ ಫಾರ್ಮ್ಯಾಟ್ ಮಾಡುವುದು ಬೇಡ. ಸ್ಕ್ಯಾನ್ ಮುಗಿದ ಮೇಲೆ ಫೋಲ್ಡರ್ ಆಯ್ಕೆಗಳಲ್ಲಿ ಬಚ್ಚಿಟ್ಟ ಫೈಲುಗಳನ್ನೂ ಸಿಸ್ಟಂ ಫೈಲುಗಳನ್ನೂ ತೋರಿಸುವಂತೆ ಮಾಡಿದರೆ ಅವು ಬಹುಮಟ್ಟಿಗೆ ಅಲ್ಲೇ ಇರುತ್ತವೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ರೂಪಿಸಿದ ‘ಯುಎಸ್‌ಬಿ ಪ್ರತಿರೋಧ್’ ಎಂಬ ಪುಕ್ಕಟೆ ಸಾಧನವೂ ಇದೆ. 2017ರಲ್ಲಿ ಆರಂಭವಾದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಅದರ ಜೊತೆಗೆ ಸೋಂಕು ತೆಗೆಯುವ ಪುಕ್ಕಟೆ ಸಾಧನಗಳೂ ಸಿಗುತ್ತವೆ. ಸರ್ಕಾರ ಇಷ್ಟು ಒಳ್ಳೆಯದನ್ನು ಮಾಡಿಟ್ಟು ಹಳ್ಳಿಗಳಿಗೆ ಹೇಳದೆ ಕೂತಿರುವುದು ಬೇಸರದ ಸಂಗತಿ. ಪ್ರತಿ ಗ್ರಾಮ ಒನ್ ಕೇಂದ್ರದ ಗೋಡೆಯ ಮೇಲೆ ಅದರ ವಿಳಾಸ ಇರಬೇಕಿತ್ತು.

ಹಾಟ್‌ಸ್ಪಾಟ್ ಮನೆಗಳ ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ಡೇಟಾ ಉಳಿಯಲೆಂದು ಯಾರೋ ವೈಫೈ ಹೊಂದಾಣಿಕೆಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆನ್ ಮಾಡಿರುತ್ತಾರೆ. ಅಲ್ಲಿಂದ ಮುಂದೆ ವಿಂಡೋಸ್ ಬಹುಪಾಲು ಅಪ್‌ಡೇಟ್‌ಗಳನ್ನು ತಡೆದು ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಏನಾಗಬಹುದೆಂಬುದನ್ನು 2017ರ ಮೇ 12ರಂದು ‘ವಾನಾಕ್ರೈ’ ಎಂಬ ಹುಳು ತೋರಿಸಿತು. ಅದು ಹೊಕ್ಕ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ತೇಪೆ ಹಾಕಿಸಿಕೊಳ್ಳದ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಸುಮಾರು 150 ದೇಶಗಳಲ್ಲಿ ಬೀಗ ಬಿದ್ದು ಕೂತವು. ವಾರಕ್ಕೊಮ್ಮೆಯಾದರೂ, ಸಿಗ್ನಲ್ ಚೆನ್ನಾಗಿರುವ ಬೆಳಗಿನ ಜಾವದಲ್ಲಿ, ಯಂತ್ರವನ್ನು ಚಾರ್ಜಿಗೆ ಹಾಕಿ ಅಪ್‌ಡೇಟ್ ಇಳಿಸಿಕೊಳ್ಳುವುದು ಯಾವ ದುಬಾರಿ ಆಂಟಿವೈರಸ್‌ಗಿಂತಲೂ ದೊಡ್ಡ ಕಾವಲು.

ವಿಂಡೋಸ್ 10 ಇರುವ ಮನೆಗಳು ಇನ್ನೂ ಎಚ್ಚರವಾಗಿರಬೇಕು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿಯಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷಾ ತೇಪೆಗಳು ಸಿಗುವಂತೆ ಮೈಕ್ರೋಸಾಫ್ಟ್ ಏರ್ಪಾಡು ಮಾಡಿತು. ಡಿಫೆಂಡರ್‌ನ ವೈರಸ್ ಪಟ್ಟಿಯೇನೋ 2028ರ ಅಕ್ಟೋಬರ್‌ವರೆಗೂ ಬರುತ್ತದೆ, ಆದರೆ ಪಟ್ಟಿ ಬೇರೆ, ತೇಪೆ ಬೇರೆ. ಹಸಿರು ಗುರುತು ಕಾಣುತ್ತಿದೆಯೆಂದು ನೋಂದಣಿ ಮರೆತವರ ಗೋಡೆಯಲ್ಲಿ ಬಿರುಕು ಹಾಗೆಯೇ ಉಳಿದಿರುತ್ತದೆ. ಹೊಸದಾಗಿ ಆಂಟಿವೈರಸ್ ಕೊಂಡರೂ ಆ ಬಿರುಕು ಮುಚ್ಚುವುದಿಲ್ಲ.

ಇನ್ನು ಯಾವ ಕಂಪನಿಯದು ಎಂಬ ಪ್ರಶ್ನೆ. ಆಂಟಿವೈರಸ್ ಎಂದರೆ ಯಂತ್ರದ ಪ್ರತಿ ಫೈಲನ್ನೂ ತೆರೆದು ನೋಡುವ ಅಧಿಕಾರವಿರುವ ತಂತ್ರಾಂಶ. ಅಂಥ ಅಧಿಕಾರ ಕೊಡುವ ಮುನ್ನ ಅದರ ಹಿಂದಿನ ನಡತೆ ನೋಡಲೇಬೇಕು. ಅವಾಸ್ಟ್ ಕಂಪನಿ ಪುಕ್ಕಟೆ ಆಂಟಿವೈರಸ್ ಕೊಟ್ಟು, ಬಳಕೆದಾರರು ಯಾವ ಯಾವ ತಾಣಗಳಿಗೆ ಹೋಗುತ್ತಾರೆಂಬ ವಿವರವನ್ನು ‘ಜಂಪ್‌ಶಾಟ್’ ಎಂಬ ತನ್ನ ಅಂಗಸಂಸ್ಥೆಯ ಮೂಲಕ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಮಾರಿದ ಪ್ರಕರಣದಲ್ಲಿ ಅಮೆರಿಕದ ವ್ಯಾಪಾರ ಆಯೋಗ 2024ರ ಫೆಬ್ರುವರಿಯಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಅದೇ ವರ್ಷ ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ ನಿಷೇಧಿಸಿದಾಗ, ಅಲ್ಲಿಯ ಅನೇಕ ಗ್ರಾಹಕರ ಯಂತ್ರಗಳಲ್ಲಿ ಒಂದು ಬೆಳಿಗ್ಗೆ ಕ್ಯಾಸ್ಪರ್‌ಸ್ಕಿ ಇರಲಿಲ್ಲ. ಅದರ ಜಾಗದಲ್ಲಿ ‘ಅಲ್ಟ್ರಾ ಎವಿ’ ಎಂಬ ಹೆಸರೇ ಕೇಳದ ತಂತ್ರಾಂಶ ಬಂದು ಕೂತಿತ್ತು.

ನಮ್ಮ ದೇಶದ ಕಂಪನಿಗಳ ಕತೆಯಲ್ಲಿ ಹೆಮ್ಮೆಯೂ ಇದೆ, ಪಾಠವೂ ಇದೆ. ಬೆಳಗಾವಿ ಅಂಗಡಿಗಳಲ್ಲಿ ಹೆಚ್ಚು ಕಾಣುವ ಕ್ವಿಕ್ ಹೀಲ್ ಪುಣೆಯದು. ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ದುಡಿಮೆ ಶುರು ಮಾಡಿದ ಕೈಲಾಶ್ ಕಾಟ್ಕರ್ ಮತ್ತು ವೈರಸ್ ತೆಗೆಯುವ ಪ್ರೋಗ್ರಾಂ ಬರೆಯುತ್ತಿದ್ದ ತಮ್ಮ ಸಂಜಯ್ 1990ರ ದಶಕದಲ್ಲಿ ಕಟ್ಟಿದ ಕಂಪನಿ 2016ರಲ್ಲಿ ಷೇರುಪೇಟೆಗೆ ಬಂತು. ಚೆನ್ನೈನ ಕೆ7 ಅದಕ್ಕಿಂತಲೂ ಹಳೆಯದು, 1991ರದು. ಇದೇ ಸಾಲಿನ ಇನ್ನೊಂದು ಹೆಸರು ಮುಂಬೈ ಮೂಲದ ಇ-ಸ್ಕ್ಯಾನ್. ಅದರ ಅಪ್‌ಡೇಟ್‌ಗಳು ಗೂಢಲಿಪಿಯ ಕಾಪು ಇಲ್ಲದೆ ಸಾದಾ ದಾರಿಯಲ್ಲಿ ಬರುತ್ತಿದ್ದವು. ದಾಳಿಕೋರರು ನಡುದಾರಿಯಲ್ಲಿ ಅವನ್ನು ಹಿಡಿದು ತಮ್ಮ ಪ್ರೋಗ್ರಾಂ ತುರುಕುತ್ತಿದ್ದರು. ‘ಗುಪ್ತಿಮೈನರ್’ ಎಂದು ಹೆಸರಿಟ್ಟು ಈ ಸಂಗತಿಯನ್ನು 2024ರ ಏಪ್ರಿಲ್‌ನಲ್ಲಿ ಹೊರಗೆಡವಿದವರು ಅವಾಸ್ಟ್‌ನ ಸಂಶೋಧಕರೇ. ಕಂಪನಿ ಅಷ್ಟರೊಳಗೆ ದೋಷ ಸರಿಪಡಿಸಿತ್ತು. ಸ್ವದೇಶಿ, ವಿದೇಶಿ ಎಂಬ ವಿಂಗಡಣೆಗಿಂತ, ತಪ್ಪು ಬಯಲಾದಾಗ ಕಂಪನಿ ಹೇಗೆ ನಡೆದುಕೊಂಡಿತು, ಸ್ವತಂತ್ರ ಪರೀಕ್ಷೆಗಳಿಗೆ ಅದು ವರ್ಷ ವರ್ಷವೂ ಮೈಯೊಡ್ಡುತ್ತದೆಯೇ ಎಂಬುದು ಮುಖ್ಯ. ಬಿಲ್ಲಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷ ಖಾತೆಯಿಂದ ಪೂರ್ತಿ ಬೆಲೆ ತಾನಾಗಿ ಕತ್ತರಿಸಿಕೊಳ್ಳುವ ಯೋಜನೆಗಳಿರುತ್ತವೆ. ಆಟೊ ರಿನ್ಯೂವಲ್ ಬಂದ್ ಮಾಡಿಕೊಂಡೇ ಹಣ ಕಟ್ಟಬೇಕು.

ಕನ್ನಡದ ಮನೆಗಳಿಗೆ ಮಾತ್ರ ಸಂಬಂಧಿಸಿದ ಒಂದು ತೊಂದರೆಯೂ ಇದೆ. ನುಡಿ, ಬರಹದಂಥ ತಂತ್ರಾಂಶಗಳ ಕೆಲಸವೇ ಕೀಬೋರ್ಡಿನ ಪ್ರತಿ ಒತ್ತನ್ನೂ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸುವುದು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಪ್ರತಿ ಒತ್ತನ್ನೂ ಹಿಡಿಯುತ್ತದೆ. ಹಾಗಾಗಿ ಆಂಟಿವೈರಸ್ ಕನ್ನಡದ ತಂತ್ರಾಂಶವನ್ನೇ ಅನುಮಾನಿಸುವ ಸಾಧ್ಯತೆ ಇರುತ್ತದೆ. ಆಗ ಟೈಪಿಂಗ್ ಮಾಡುವವರು ರೇಗಿ ಆಂಟಿವೈರಸ್ಸನ್ನೇ ಬಂದ್ ಮಾಡಿಬಿಡುತ್ತಾರೆ, ಮತ್ತೆ ಆನ್ ಮಾಡುವುದು ಮರೆತೇ ಹೋಗುತ್ತದೆ. ಅಧಿಕೃತ ತಾಣದಿಂದ ಇಳಿಸಿಕೊಂಡ ಪ್ರತಿಯನ್ನೇ ಬಳಸಿ, ಆ ಒಂದು ಪ್ರೋಗ್ರಾಂಗೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು. ಯಾರದೋ ಪೆನ್‌ಡ್ರೈವ್‌ನಿಂದ ಬಂದ ಪ್ರತಿಗೆ ವಿನಾಯಿತಿ ಕೊಟ್ಟರೆ ಅದರೊಳಗೆ ಇನ್ನೇನಿದ್ದರೂ ಅದಕ್ಕೂ ರಹದಾರಿ ಸಿಕ್ಕಂತೆ.

‘ಕ್ರ್ಯಾಕ್’ ಹಾಕಿದ ಫೋಟೊಶಾಪ್, ನಕಲಿ ಆಫೀಸ್, ಆಟಗಳ ವಿಷಯದಲ್ಲಿ ರಿಯಾಯಿತಿಯ ಮಾತೇ ಬೇಡ. ಅವುಗಳ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಬಂದ್ ಮಾಡಿ’ ಎಂದಿರುತ್ತದೆ. ಮನೆಯ ಫೋಟೊಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ‘ಸ್ಟಾಪ್’ ರ್‍ಯಾನ್ಸಮ್‌ವೇರ್ ಕುಟುಂಬ ಹರಡಿದ್ದು ಹೆಚ್ಚಾಗಿ ಇದೇ ದಾರಿಯಲ್ಲಿ. ಪಾಸ್‌ವರ್ಡ್ ಕಳ್ಳ ‘ಲುಮಾ’ವನ್ನು ಮೈಕ್ರೋಸಾಫ್ಟ್, ಯುರೋಪೋಲ್ ಸೇರಿ 2025ರ ಮೇನಲ್ಲಿ ಮಟ್ಟ ಹಾಕುವ ಹೊತ್ತಿಗೆ, ಅದರ ಹಿಂದಿನ ಎರಡೇ ತಿಂಗಳಲ್ಲಿ 3,94,000 ವಿಂಡೋಸ್ ಯಂತ್ರಗಳು ಸೋಂಕಿತವಾಗಿದ್ದವು. ಅದು ಹೊಕ್ಕ ಒಂದು ಬಗೆ ಗಮನಾರ್ಹ: ‘ನೀವು ರೋಬೋ ಅಲ್ಲವೆಂದು ತೋರಿಸಿ’ ಎನ್ನುವ ಪುಟ, ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಹೊಡೆಯಿರಿ ಎಂದು ಹೇಳುತ್ತದೆ. ಆ ಮೂರು ಒತ್ತಿನಲ್ಲಿ ಬಳಕೆದಾರರೇ ತಮ್ಮ ಕೈಯಾರೆ ಕಳ್ಳನ ಆಜ್ಞೆಯನ್ನು ಓಡಿಸಿರುತ್ತಾರೆ. ಮಕ್ಕಳು ಬಳಸುವ ಯಂತ್ರದಲ್ಲಿ ಅವರಿಗೆ ಅಡ್ಮಿನ್ ಅಧಿಕಾರವಿಲ್ಲದ ಬೇರೆ ಖಾತೆ ಮಾಡಿಕೊಟ್ಟರೆ ಇಂಥ ಹಾನಿಯ ಹರವು ಎಷ್ಟೋ ಕಡಿಮೆಯಾಗುತ್ತದೆ. ಫೋಟೊಗಳ ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿರಲಿ. ಪ್ರತಿ ಮಾಡಿದ ಮೇಲೆ ಡಿಸ್ಕ್ ಕಳಚಿಡಬೇಕು. ಜೋಡಿಸಿದ್ದರೆ ರ್‍ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ.

ಯಾವ ಆಂಟಿವೈರಸ್ಸೂ ಹಿಡಿಯಲಾರದ ದಾಳಿಯ ನೋವು ಖಾನಾಪುರ ತಾಲ್ಲೂಕಿಗೆ ಚೆನ್ನಾಗಿ ಗೊತ್ತು. 2025ರ ಮಾರ್ಚ್ ಕೊನೆಯಲ್ಲಿ ಬೀಡಿ ಗ್ರಾಮದ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ದೆಹಲಿಯ ಅಧಿಕಾರಿಗಳೆಂದು ಹೇಳಿಕೊಂಡು ಕರೆ ಮಾಡಿದವರು, ನಿಮ್ಮ ಹೆಸರಿನ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಬೆದರಿಸಿ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಸುಲಿದಿದ್ದರು. ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಪ್ರಧಾನಿಯವರು 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ದೇಶಕ್ಕೆಲ್ಲ ಹೇಳಿ ಐದು ತಿಂಗಳಾಗಿತ್ತು. ಆ ಮಾತು ಬೀಡಿಯ ಆ ಮನೆಯನ್ನು ಕಾಯಲಿಲ್ಲ. ಒಂಟಿಯಾಗಿರುವ ಹಿರಿಯರಿಗೆ ಇದನ್ನು ಪಕ್ಕದಲ್ಲಿ ಕೂತು, ಅವರದೇ ಮಾತಿನಲ್ಲಿ, ಕನ್ನಡವೋ ಮರಾಠಿಯೋ ಕೊಂಕಣಿಯೋ, ಬಿಡಿಸಿ ಹೇಳುವವರು ಬೇಕು. ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ.

ಕರೆ ಮಾಡುವವರು ಎಲ್ಲೋ ದೂರದವರೆಂಬ ನಂಬಿಕೆಯೂ ಉಳಿದಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಆಜಂ ನಗರದಲ್ಲೇ ಪೊಲೀಸರು ಒಂದು ಕಾಲ್ ಸೆಂಟರಿನ ಮೇಲೆ ದಾಳಿ ಮಾಡಿ, ಅಮೆರಿಕದ ನಾಗರಿಕರನ್ನು ವಂಚಿಸುತ್ತಿದ್ದ ಆರೋಪದ ಮೇಲೆ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು, ಲ್ಯಾಪ್‌ಟಾಪ್, ಮೊಬೈಲ್‌ಗಳನ್ನು ವಶಕ್ಕೆ ಪಡೆದರು. ಇಂಥ ವಂಚಕರಿಗೆ ಆಂಟಿವೈರಸ್‌ನ ಹೆಸರೂ ಒಂದು ಗಾಳ. ನಾರ್ಟನ್ ನವೀಕರಣಕ್ಕೆ ಹಣ ಕತ್ತರಿಸಿದ್ದೇವೆ ಎನ್ನುವ ಸುಳ್ಳು ಬಿಲ್ಲು ಇಮೇಲಿಗೆ ಬರುತ್ತದೆ. ಇಲ್ಲವೇ ಪರದೆ ತುಂಬ ಸೈರನ್ ಕೂಗುತ್ತ ‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಪುಟ ತೆರೆದುಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆಲ್ಟ್ ಜೊತೆ ಎಫ್4 ಒತ್ತಿದರೆ ಬಹಳಷ್ಟು ಸಲ ಆ ಪುಟ ಮುಚ್ಚುತ್ತದೆ. ಮುಚ್ಚದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಯಂತ್ರ ಆರಿಸಬಹುದು. ಕರೆ ಮಾಡಿದವರು, ದೂರದಿಂದಲೇ ಯಂತ್ರ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಇಳಿಸಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಬೇಕು.

ಅಷ್ಟರೊಳಗೆ ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮುನ್ನ ತಡೆಹಿಡಿಸುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಎದುರಿಗಿಟ್ಟುಕೊಂಡು ಕರೆ ಮಾಡಿದರೆ ಕೆಲಸ ಬೇಗ ಸಾಗುತ್ತದೆ. ಆಮೇಲೆ ಸೈಬರ್ ಅಪರಾಧಗಳನ್ನು ನೋಡುವ ಬೆಳಗಾವಿಯ ಸಿಇಎನ್ ಠಾಣೆಯಲ್ಲೋ ಹತ್ತಿರದ ಠಾಣೆಯಲ್ಲೋ ದೂರು ಕೊಡಬಹುದು. ಆ ಹೊತ್ತಿಗೆ ಕಂಪ್ಯೂಟರಿನ ನೆಟ್ ಕಳಚಿರಬೇಕು. ಬ್ಯಾಂಕು ಮತ್ತು ಇಮೇಲಿನ ಪಾಸ್‌ವರ್ಡುಗಳನ್ನು ಬೇರೊಂದು ಯಂತ್ರದಿಂದ ಬದಲಿಸಬೇಕು, ಸೋಂಕಿನ ಅನುಮಾನವಿರುವ ಯಂತ್ರದಿಂದ ಖಂಡಿತ ಬೇಡ. ಎಲ್ಲ ಮುಗಿದ ಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಆರಿಸಿದರೆ ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುನ್ನವೇ ಜಾಲಾಡುತ್ತದೆ. ಅದಕ್ಕೆ ಹಿಡಿಯುವುದು ಸುಮಾರು 15 ನಿಮಿಷ. ಮಳೆಗಾಲದಲ್ಲಿ ಅದನ್ನು ಶುರು ಮಾಡುವ ಮುನ್ನ ಬ್ಯಾಟರಿ ತುಂಬಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.